ಉದ್ಯಮಬಾಗದ ಬೋರ್ಡಿಲ್ಲದ ಗ್ಯಾರೇಜು: ನೈಟ್ರೋ ಕಾರಿನ ಕಾರ್ಬುರೇಟರ್ ಸೆಟ್ಟಿಂಗಿಗೆ ಇಲ್ಲಿಗೇ ಹೋಗಿ

ಬೆಳಗಾವಿಯಲ್ಲಿ ನೈಟ್ರೋ ಆರ್‌ಸಿ ಕಾರು, ಅಂದರೆ ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ ಓಡುವ ಪುಟ್ಟ ರಿಮೋಟ್ ಕಾರು, ಇಟ್ಟುಕೊಂಡವರು ತುಂಬಾ ಜನ ಇಲ್ಲ. ಇದ್ದವರ ತಲೆನೋವು ಮಾತ್ರ ಒಂದೇ, ಕಾರ್ಬುರೇಟರ್. ಬ್ಯಾಟರಿ ಕಾರಾದರೆ ಚಾರ್ಜ್ ಮಾಡಿ ಓಡಿಸಿದರೆ ಮುಗಿಯಿತು. ನೈಟ್ರೋ ಹಾಗಲ್ಲ. ನಿನ್ನೆ ಸಂಜೆ ಚೆನ್ನಾಗಿ ಓಡಿದ್ದು ಇವತ್ತು ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಇಂಥದ್ದಕ್ಕೆ ಸೆಟ್ಟಿಂಗ್ ಗೊತ್ತಿರುವ ಕೈ ಸಿಕ್ಕರೆ ನಾಲ್ಕು ಜನಕ್ಕೆ ಹೇಳಬೇಕು ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಗ್ಯಾರೇಜು ಇರುವುದು ಉದ್ಯಮಬಾಗದಲ್ಲಿ. ಖಾನಾಪುರ ರಸ್ತೆಯಲ್ಲಿ ಮೂರನೇ ರೈಲ್ವೆ ಗೇಟ್ ದಾಟಿ ಒಳಗೆ ತಿರುಗಿದರೆ ಫೌಂಡ್ರಿಗಳು, ಸಿಎನ್‌ಸಿ ಶೆಡ್ಡುಗಳು, ಹೈಡ್ರಾಲಿಕ್ ಪಾರ್ಟ್ ಮಾಡುವವರು ಸಾಲಾಗಿ ಇದ್ದಾರೆ. ಅವರ ನಡುವೆ ಒಂದೇ ಶಟರಿನ ಜಾಗ. ಬೋರ್ಡ್ ಇಲ್ಲ. ಹೊರಗೆ ಆರ್‌ಎಕ್ಸ್ 100 ಗಾಡಿಗಳು ನಿಂತಿದ್ದರೆ ಅದೇ ಅಂತ ತಿಳಿಯಿರಿ. ನಡೆಸುವವರನ್ನು ಎಲ್ಲರೂ ಮಾಮಾ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮುಖ್ಯ ಕೆಲಸ ಹಳೆಯ ಟೂ ಸ್ಟ್ರೋಕ್ ಬೈಕುಗಳದ್ದು. ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿತು, ಆದರೆ ನಮ್ಮ ಕಡೆ ಅದರ ಹುಚ್ಚು ಇನ್ನೂ ಇಳಿದಿಲ್ಲ. ಆರ್‌ಸಿ ಕಾರಿನ ಕೆಲಸ ಅವರಿಗೆ ಮಧ್ಯೆ ಮಧ್ಯೆ ಬರುವಂಥದ್ದು. ನೈಟ್ರೋ ಎಂಜಿನ್ ಕೂಡ ಟೂ ಸ್ಟ್ರೋಕೇ ಆಗಿರುವುದರಿಂದ ಅವರ ಕಿವಿ ಮೊದಲೇ ತಯಾರಾಗಿತ್ತು.

ನಾನು ಅಲ್ಲೇ ಹತ್ತಿರದ ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಕಾರು ತಮ್ಮನದು, ಅವನು ಪುಣೆಗೆ ಕೆಲಸಕ್ಕೆ ಹೋದ ಮೇಲೆ ನನ್ನ ಪಾಲಿಗೆ ಬಂತು. ನಿಜವಾದ ಗಾಡಿಯ ಎಂಟನೇ ಒಂದರಷ್ಟು (1/8) ಅಳತೆಯ ಬಗ್ಗಿ, ನಾಲ್ಕೂ ಚಕ್ರಕ್ಕೆ ಡ್ರೈವ್. ಎಂಜಿನ್ 0.21 ಘನ ಇಂಚಿನದು, ಅಂದರೆ ಸುಮಾರು 3.5 ಸಿಸಿ. ಟ್ಯಾಂಕು 125 ಸಿಸಿ. ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಈ ಪುಟ್ಟ ಎಂಜಿನ್ನು ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 500 ಸಲ. ಅಷ್ಟು ಸಲವೂ ಗಾಳಿ ಮತ್ತು ಇಂಧನ ಸರಿಯಾದ ಹದದಲ್ಲೇ ಬರಬೇಕು. ಆ ಹದ ನೋಡಿಕೊಳ್ಳುವುದು ಕಿರುಬೆರಳಿನಷ್ಟು ದಪ್ಪದ ಒಂದು ಕಾರ್ಬುರೇಟರ್.

ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇದೆ. ಸ್ಟಾರ್ಟ್ ಮಾಡುವಾಗ ಮಾತ್ರ 1.5 ವೋಲ್ಟಿನ ಸೆಲ್ ಕೊಟ್ಟು ಅದರ ಸಣ್ಣ ಪ್ಲಾಟಿನಂ ಸುರುಳಿಯನ್ನು ಕೆಂಪಗೆ ಮಾಡುತ್ತೇವೆ. ಆಮೇಲೆ ಸೆಲ್ ತೆಗೆದರೂ ಅದು ಕೆಂಪಗೇ ಇರುತ್ತದೆ. ಒತ್ತಡದ ಬಿಸಿ ಒಂದು ಕಾರಣ. ಪ್ಲಾಟಿನಂ ಮುಟ್ಟಿದಾಗ ಮೆಥನಾಲ್ ತಾನೇ ಬಿಸಿ ಹುಟ್ಟಿಸುವುದು ಇನ್ನೊಂದು. ಬೈಕಿನಲ್ಲಿ ಟೈಮಿಂಗ್ ಬೇರೆ, ಕಾರ್ಬುರೇಟರ್ ಬೇರೆ. ಇಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಹದ ತಪ್ಪಿದರೆ ಉರಿಯುವ ಹೊತ್ತೂ ತಪ್ಪುತ್ತದೆ.

ಕಾರು ನನ್ನ ಕೈಗೆ ಬಂದಾಗ ಹೇಗಿತ್ತು ಅಂದರೆ, ರಿಮೋಟಿನ ಟ್ರಿಗರ್ ಬಿಟ್ಟ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಕಿರುಚುತ್ತಲೇ ಇರುತ್ತಿತ್ತು. ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಉದ್ದನೆಯ ನೇರ ಓಟದ ಕೊನೆಯಲ್ಲಿ ಪಟ್ ಅಂತ ಬಂದ್ ಆಗುತ್ತಿತ್ತು. ಹೊಗೆ ಇಲ್ಲವೇ ಇಲ್ಲ. ತಮ್ಮ ಅದನ್ನು ದೊಡ್ಡ ಊರಿನ ಒಂದು ಹಾಬಿ ಅಂಗಡಿಯಲ್ಲಿ ಸೆಟ್ ಮಾಡಿಸಿದ್ದನಂತೆ. ಅವರು ಸೂಜಿಯನ್ನು, ಅಂದರೆ ಕಾರ್ಬುರೇಟರಿಗೆ ಎಷ್ಟು ಇಂಧನ ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವ ಸ್ಕ್ರೂವನ್ನು, ಬಿಗಿ ಮಾಡಿ, ಒಂದು ಸಲ ಜೋರಾಗಿ ಓಡಿಸಿ ತೋರಿಸಿ, ದುಡ್ಡು ತೆಗೆದುಕೊಂಡು ಕಳಿಸಿದ್ದರು. ಸೂಜಿ ಬಿಗಿ ಮಾಡಿದರೆ ಸ್ಪೀಡ್ ಬರುವುದು ನಿಜ. ಆದರೆ ಈ ಎಂಜಿನ್ನಿಗೆ ಬೇರೆ ಆಯಿಲ್ ಪಂಪ್ ಇಲ್ಲ. ಆಯಿಲ್ ಬರುವುದೇ ಇಂಧನದ ಜೊತೆ. ಇಂಧನ ಕಡಿಮೆ ಮಾಡಿದರೆ ಆಯಿಲೂ ಕಡಿಮೆ ಆಯಿತು, ತಂಪೂ ಕಡಿಮೆ ಆಯಿತು. ಗಿರಾಕಿ ಖುಷಿಯಾಗಲಿ ಅಂತ ಒಂದು ಎಂಜಿನ್ನಿನ ಆಯುಷ್ಯ ತೆಗೆಯುವುದು ಸರಿಯಲ್ಲ. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ.

ಮಾಮಾ ಹತ್ತಿರ ತಂದಾಗ ನಾನು ಸೂಜಿಯ ಬಗ್ಗೆಯೇ ಹೇಳುತ್ತಾ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

"ಸೂಜಿ ಆಮ್ಯಾಲೆ ನೋಡೂಣ ತಂಗಿ. ಮೊದ್ಲ ಕೈ ಹಚ್ಚಿದ್ರ ಹೆಂಗ ಕೇಳತೈತಿ ಅದನ್ನ ನೋಡೂಣು."

ಅಂದರೆ ಥ್ರಾಟಲ್ ಲಿಂಕೇಜ್, ಟ್ರಿಗರ್ ಎಳೆದಾಗ ಕಾರ್ಬುರೇಟರ್ ತೆರೆದು ಮುಚ್ಚುವ ಕಡ್ಡಿಗಳ ಜೋಡಣೆ. ಈ ಗ್ಯಾರೇಜಿನಲ್ಲಿ ನನಗೆ ಅತೀ ಇಷ್ಟವಾದದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೈಟ್ರೋ ಕಾರಿನಲ್ಲಿ ಥ್ರಾಟಲ್ಲಿಗೂ ಬ್ರೇಕಿಗೂ ಒಂದೇ ಸರ್ವೊ, ಅಂದರೆ ರಿಮೋಟ್ ಹೇಳಿದಂತೆ ತೋಳು ತಿರುಗಿಸುವ ಪುಟ್ಟ ಮೋಟಾರು, ಇರುತ್ತದೆ. ಟ್ರಿಗರ್ ಎಳೆದರೆ ಸರ್ವೊ ಒಂದು ಕಡೆ ತಿರುಗಿ ಕಾರ್ಬುರೇಟರ್ ತೆರೆಯುತ್ತದೆ. ಮುಂದಕ್ಕೆ ತಳ್ಳಿದರೆ ಇನ್ನೊಂದು ಕಡೆ ತಿರುಗಿ ಬ್ರೇಕ್ ಹಿಡಿಯುತ್ತದೆ. ಎರಡರ ನಡುವೆ ಕಡ್ಡಿ, ಸ್ಪ್ರಿಂಗ್, ಕಡ್ಡಿಯ ಮೇಲೆ ಸ್ಕ್ರೂ ಹಾಕಿ ನಿಲ್ಲಿಸುವ ಕಾಲರ್ ಎಂಬ ಸಣ್ಣ ಬಳೆ. ಈ ಕಾಲರುಗಳು ಅರ್ಧ ಮಿಲಿಮೀಟರ್ ಸರಿದಿದ್ದರೂ ಎಂಜಿನ್ ಸೆಟ್ಟಿಂಗೇ ತಪ್ಪಿದೆ ಅನ್ನಿಸುತ್ತದೆ. ಆಗ ಸುಮ್ನೆ ಸೂಜಿ ತಿರುಗಿಸುತ್ತಾ ಕೂತರೆ ಸಂಜೆಯಾಗುತ್ತದೆ, ಕಾರು ಸರಿಯಾಗುವುದಿಲ್ಲ.

ಮಾಮಾ ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟರು. ಮೊದಲು ರಿಮೋಟ್ ಆನ್, ಆಮೇಲೆ ಕಾರಿನ ರಿಸೀವರ್ ಆನ್. ಬಂದ್ ಮಾಡುವಾಗ ಇದರ ಉಲ್ಟಾ. ಈ ಕ್ರಮವನ್ನು ಅವರು ಎಂದೂ ತಪ್ಪಿಸುವುದಿಲ್ಲ, ನಾವು ತಪ್ಪಿಸಿದರೆ ಬಿಡುವುದೂ ಇಲ್ಲ. ರಿಮೋಟ್ ಇಲ್ಲದೆ ರಿಸೀವರ್ ಎದ್ದರೆ ಸರ್ವೊ ಯಾವ ಕಡೆಗೆ ಬೇಕಾದರೂ ಹೋಗಬಹುದು. ಆಮೇಲೆ ಟ್ರಿಗರ್ ಬಿಟ್ಟು, ಕಾರ್ಬುರೇಟರಿನ ಬಾಯಿಗೆ ಟಾರ್ಚ್ ಬಿಟ್ಟರು. ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಬ್ಯಾರಲ್ ಪೂರ್ತಿ ಮುಚ್ಚಿರಬಾರದು, ಒಂದು ಸಣ್ಣ ಸಂದು ಇರಬೇಕು. ಆ ಸಂದಿನಿಂದ ಬರುವ ಗಾಳಿಯಲ್ಲೇ ಎಂಜಿನ್ ಐಡಲ್ ಆಗುವುದು, ಅಂದರೆ ಟ್ರಿಗರ್ ಬಿಟ್ಟಾಗ ಬಂದ್ ಆಗದೆ ನಿಧಾನಕ್ಕೆ ಓಡುತ್ತಿರುವುದು. ಅವರು ಡಬ್ಬಿಯಿಂದ 1 ಮಿಲಿಮೀಟರಿನ ಡ್ರಿಲ್ ಬಿಟ್ ತೆಗೆದು ಅದರ ಹಿಂಬದಿಯನ್ನು ಆ ಸಂದಿನಲ್ಲಿ ಇಟ್ಟು ನೋಡಿದರು. ನನ್ನ ಕಾರಿನಲ್ಲಿ ಬಿಟ್ ಸಡಿಲವಾಗಿ ಅಲ್ಲಾಡಿತು. ಐಡಲ್ ಸ್ಕ್ರೂವನ್ನು ನಿಧಾನಕ್ಕೆ ಬಿಚ್ಚುತ್ತಾ ಬಂದು, ಬಿಟ್ ಎರಡೂ ಬದಿಗೆ ಸವರಿಕೊಂಡು ಹೋಗುವಂತೆ ಮಾಡಿ ನಿಲ್ಲಿಸಿದರು. ಕಣ್ಣಳತೆಯ ಮಾತಿಲ್ಲ. ಮಷೀನ್ ಶಾಪುಗಳ ಊರಿನ ಮಿಸ್ತ್ರಿ ಅಂದರೆ ಹೀಗಿರಬೇಕು.

ಆಮೇಲೆ ಪೂರ್ತಿ ಟ್ರಿಗರ್ ಎಳೆಯಲು ಹೇಳಿದರು. ಬ್ಯಾರಲ್ ಪೂರ್ತಿ ತೆರೆಯಿತು, ಆದರೆ ಸರ್ವೊ ಇನ್ನೂ ಮುಂದಕ್ಕೆ ಹೋಗಲು ನೋಡುತ್ತಾ ಗುಂಯ್ ಅನ್ನುತ್ತಿತ್ತು. ಆ ಸದ್ದು ಬಂದರೆ ಸರ್ವೊ ಬಿಸಿಯಾಗುತ್ತಿದೆ, ಬ್ಯಾಟರಿ ತಿನ್ನುತ್ತಿದೆ ಅಂತ ಅರ್ಥ. ರಿಮೋಟಿನಲ್ಲಿ ಎಂಡ್ ಪಾಯಿಂಟ್, ಅಂದರೆ ಸರ್ವೊ ತಿರುಗುವ ಮಿತಿ, ಕಡಿಮೆ ಮಾಡಿಸಿ ಆ ಸದ್ದು ನಿಲ್ಲಿಸಿದರು. ಬ್ರೇಕ್ ಕಡೆಗೂ ಹಾಗೇ ಮಾಡಿದರು. ಬ್ರೇಕ್ ಹಿಡಿಯುವಾಗ ಕಡ್ಡಿ ಕಾರ್ಬುರೇಟರನ್ನು ಎಳೆದು ತೆರೆಯಬಾರದು. ಥ್ರಾಟಲ್ ಐಡಲ್ ಜಾಗಕ್ಕೆ ಬಂದ ಮೇಲೆಯೇ ಬ್ರೇಕ್ ಶುರುವಾಗಬೇಕು. ನನ್ನದರಲ್ಲಿ ಬ್ರೇಕಿನ ಕಾಲರ್ ತುಂಬಾ ಹತ್ತಿರ ಬಂದಿತ್ತು, ಕಾರು ಯಾವಾಗಲೂ ಸ್ವಲ್ಪ ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಎಂಜಿನ್ ಜಾಸ್ತಿ ಬಿಸಿಯಾಗಲು ಅದೂ ಒಂದು ಕಾರಣ. ಆ ಹಾಬಿ ಅಂಗಡಿಯವರು ಇದನ್ನು ನೋಡಿಯೇ ಇರಲಿಲ್ಲ.

ಕೊನೆಗೆ ಥ್ರಾಟಲ್ ತೋಳಿಗೆ ಒಂದು ಸಣ್ಣ ಎಳೆತದ ಸ್ಪ್ರಿಂಗ್ ಸಿಕ್ಕಿಸಿದರು. ಕಡ್ಡಿ ಕಳಚಿದರೆ ಕಾರ್ಬುರೇಟರ್ ತಾನಾಗಿಯೇ ಮುಚ್ಚಿಕೊಳ್ಳಲಿ ಅಂತ. ಸಿಗ್ನಲ್ ಹೋದರೆ ಕಾರು ತಾನಾಗಿ ನಿಲ್ಲುವ ಫೇಲ್ ಸೇಫ್ ಕೂಡ ನೋಡಿದರು. ಕಾರನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಎಂಜಿನ್ ಬಂದ್ ಇರುವಾಗ, ಟ್ರಿಗರ್ ಹಿಡಿದುಕೊಂಡೇ ರಿಮೋಟ್ ಆಫ್ ಮಾಡಿಸಿದರು. ಸರ್ವೊ ಬ್ರೇಕಿಗೆ ಬಂದು ನಿಲ್ಲಬೇಕು. ನಿಂತಿತು. ಮೂರು ಕಿಲೋಗಿಂತ ಭಾರದ ಕಾರು ಸಿಗ್ನಲ್ ಕಳೆದುಕೊಂಡು ಪೂರ್ತಿ ಥ್ರಾಟಲ್ಲಿನಲ್ಲಿ ಹೋದರೆ ಎದುರಿಗೆ ನಿಂತ ಮಗುವಿನ ಕಾಲು ಮುರಿಯುತ್ತದೆ. ಈ ಪರೀಕ್ಷೆ ಮಾಡದೆ ಯಾವ ಕಾರನ್ನೂ ಮಾಮಾ ಮೈದಾನಕ್ಕೆ ಬಿಡುವುದಿಲ್ಲ. ಇದಕ್ಕೆ ಬೇರೆ ಚಾರ್ಜೂ ಇಲ್ಲ.

ಇಷ್ಟಾದರೂ ಸೂಜಿ ಮುಟ್ಟಿರಲಿಲ್ಲ. ಮುಂದೆ ಗಾಳಿ ಸೋರುವುದನ್ನು ನೋಡಿದರು. ಕಾರ್ಬುರೇಟರ್ ಎಂಜಿನ್ನಿಗೆ ಕೂರುವ ಕತ್ತಿನಲ್ಲಿ ಓ ರಿಂಗ್ ಎಂಬ ಒಂದು ರಬ್ಬರ್ ಬಳೆ ಇರುತ್ತದೆ. ಅದು ಒಣಗಿ ಬಿರುಕು ಬಿಟ್ಟರೆ ಅಲ್ಲಿಂದ ಕಳ್ಳ ಗಾಳಿ ಒಳಗೆ ಹೋಗುತ್ತದೆ. ಆಗ ಸೂಜಿ ಎಲ್ಲಿಟ್ಟರೂ ಹದ ನಿಲ್ಲುವುದಿಲ್ಲ. ತಣ್ಣಗಿದ್ದಾಗ ಒಂದು ತರ, ಬಿಸಿಯಾದಾಗ ಒಂದು ತರ. ಮಾಮಾ ಎಂಜಿನ್ ಬಿಚ್ಚಿ, ಎಕ್ಸಾಸ್ಟ್ ಬಾಯಿಗೂ ಕಾರ್ಬುರೇಟರಿನ ಬಾಯಿಗೂ ರಬ್ಬರ್ ಮುಚ್ಚಿ, ಇಂಧನ ಬರುವ ನಳಿಗೆಗೆ ಸಿಲಿಕಾನ್ ಟ್ಯೂಬ್ ಹಾಕಿ, ಬಕೆಟಿನ ನೀರಿನಲ್ಲಿ ಮುಳುಗಿಸಿ ಬಾಯಿಂದ ಊದಿದರು. ಕಾರ್ಬುರೇಟರಿನ ಕತ್ತಿನ ಹತ್ತಿರ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ನನ್ನನ್ನು ಕರೆದು ತೋರಿಸಿದರು. ಹಿಂದಿನ ಪ್ಲೇಟಿನ ಪ್ಯಾಕಿಂಗಿನಿಂದ ಏನೂ ಬರಲಿಲ್ಲ. ಎಂಜಿನ್ನನ್ನು ಪೂರ್ತಿ ಒಣಗಿಸಿ, ಬೇರಿಂಗಿಗೆ ಆಯಿಲ್ ಬಿಟ್ಟು, ಹೊಸ ಓ ರಿಂಗ್ ಹಾಕಿ, ಕತ್ತಿನ ಸುತ್ತ ತೆಳುವಾಗಿ ಬಿಸಿ ತಡೆಯುವ ಸಿಲಿಕಾನ್ ಬಳಿದು, ಒಂದು ರಾತ್ರಿ ಹಾಗೇ ಇಟ್ಟರು. "ನಾಳೆ ಬಾರವಾ, ಇವತ್ತ ಒಣಗೂದಿಲ್ಲ" ಅಂದರು. ಅವಸರ ಮಾಡಿದರೆ ಅವರು ಕೆಲಸವನ್ನೇ ವಾಪಸ್ ಕೊಡುತ್ತಾರೆ ಅಂತ ಪಕ್ಕದಲ್ಲಿ ನಿಂತ ಬೈಕಿನ ಹುಡುಗ ಹೇಳಿದ.

ಟ್ಯೂನಿಂಗ್ ಮಾಡುವುದು ಶಟರಿನ ಮುಂದೆ ಅಲ್ಲ. ಮಚ್ಛೆ ಕಡೆಗೆ ಹೋಗುವಾಗ ಸಿಗುವ ಒಂದು ಖಾಲಿ ಬಯಲಿನಲ್ಲಿ. ಚಕ್ರ ಗಾಳಿಯಲ್ಲಿ ತಿರುಗುವಾಗ ಮಾಡಿದ ಸೆಟ್ಟಿಂಗ್ ನೆಲದ ಮೇಲೆ ನಿಲ್ಲುವುದಿಲ್ಲ, ಲೋಡ್ ಬಿದ್ದಾಗಲೇ ಎಂಜಿನ್ ನಿಜ ಹೇಳುತ್ತದೆ ಅನ್ನುವುದು ಅವರ ಲೆಕ್ಕ. ಲೋಡ್ ಇಲ್ಲದೆ ರೇಸ್ ಮಾಡಿದರೆ ಕನೆಕ್ಟಿಂಗ್ ರಾಡಿಗೂ ಪೆಟ್ಟು.

ಸ್ಟಾರ್ಟ್ ಮಾಡುವ ಮೊದಲು ಅವರು ಎಂಜಿನ್ ತಲೆಯನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿದ್ದು ನನಗೆ ಹೊಸದು. ಈ ಎಂಜಿನ್ನುಗಳಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಹಿತ್ತಾಳೆಯ ಸ್ಲೀವಿನ ಒಳಗೆ ಕ್ರೋಮ್, ಅದರೊಳಗೆ ಅಲ್ಯುಮಿನಿಯಂ ಪಿಸ್ಟನ್. ಸ್ಲೀವ್ ಮೇಲ್ಭಾಗದಲ್ಲಿ ಸ್ವಲ್ಪ ಕಿರಿದು. ತಣ್ಣಗಿರುವಾಗ ಪಿಸ್ಟನ್ ಮೇಲೆ ಹೋದರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ಬಿಗಿಯಾಗುತ್ತದೆ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಸರಿಯಾದ ಜಾಗ ಕೊಡುತ್ತದೆ. ಆದ್ದರಿಂದ ತಣ್ಣಗೆ ಎಳೆದೆಳೆದು ಸ್ಟಾರ್ಟ್ ಮಾಡಿದರೆ ಮೇಲ್ಭಾಗ ಸವೆಯುತ್ತದೆ. ಜಾಸ್ತಿ ಇಂಧನ ಕೊಟ್ಟು ಎಂಜಿನ್ನನ್ನು ತೀರಾ ತಣ್ಣಗೆ ಓಡಿಸುವುದೂ ಅದೇ ಕಾರಣಕ್ಕೆ ಒಳ್ಳೆಯದಲ್ಲ. ಸೂಜಿ ಬಿಚ್ಚಿಟ್ಟರೆ ಎಂಜಿನ್ ಸುರಕ್ಷಿತ ಅಂತ ತುಂಬಾ ಜನ ನಂಬಿದ್ದಾರೆ. ಅದು ಅರ್ಧ ಸತ್ಯ.

ಹಗ್ಗ ಎಳೆದ ಕೂಡಲೇ ಹತ್ತಿತು. ಬಯಲಿನಲ್ಲಿ ಒಂದು ರೌಂಡ್ ಹೊಡೆಸಿ ಬಿಸಿ ಮಾಡಿದ ಮೇಲೆ ಕೆಲಸ ಶುರು. ಮೊದಲು ಜೋರು ಓಟದ ಇಂಧನ ನೋಡಿಕೊಳ್ಳುವ ಹೈಸ್ಪೀಡ್ ಸೂಜಿ, ಅದರ ನಂತರ ನಿಧಾನ ಓಟದ ಲೋಸ್ಪೀಡ್ ಸೂಜಿ, ಕೊನೆಗೆ ಐಡಲ್ ಸ್ಕ್ರೂ. ಈ ಕ್ರಮಕ್ಕೆ ಕಾರಣ ಇದೆ. ಹೈಸ್ಪೀಡ್ ಸೂಜಿಯನ್ನು ದಾಟಿಯೇ ಎಲ್ಲ ಇಂಧನವೂ ಒಳಗೆ ಬರುವುದು, ಅದನ್ನು ತಿರುಗಿಸಿದರೆ ಕೆಳಗಿನದೂ ಬದಲಾಗುತ್ತದೆ. ಕೆಳಗಿನದನ್ನು ಮೊದಲು ಸೆಟ್ ಮಾಡಿದರೆ ಆ ಕೆಲಸ ದಂಡ.

ಸೂಜಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಉಲ್ಟಾ ತಿರುಗಿಸಿದರೆ ಜಾಸ್ತಿ, ಅಂದರೆ ರಿಚ್. ಮಾಮಾ ಮೊದಲು ಹೈಸ್ಪೀಡ್ ಸೂಜಿಯನ್ನು ಚೆನ್ನಾಗಿ ಬಿಚ್ಚಿ ರಿಚ್ ಮಾಡಿದರು. ಕಾರು ನೇರ ಓಟದಲ್ಲಿ ಬುಳುಬುಳು ಅನ್ನುತ್ತಾ, ದಪ್ಪ ಹೊಗೆ ಬಿಡುತ್ತಾ, ಎಳೆಯಲಾರದೆ ಹೋಯಿತು. ಆಮೇಲೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತಿನಷ್ಟು ಮಾತ್ರ ಬಿಗಿ ಮಾಡುತ್ತಾ, ಪ್ರತಿ ಸಲ ಎರಡು ಮೂರು ಉದ್ದ ಓಟ ಓಡಿಸುತ್ತಾ ಬಂದರು. ಬುಳುಬುಳು ಹೋಗಿ ಸದ್ದು ಬಿಗಿಯಾಯಿತು. ಇನ್ನೊಂದು ಸಲ ತಿರುಗಿಸಿದಾಗ ಕೀಂಯ್ ಅನ್ನುವ ತೆಳು ಸದ್ದು ಬಂತು. ನನಗೆ ಅದೇ ಚೆನ್ನಾಗಿ ಕೇಳಿಸಿತು, ಕಾರೂ ಜೋರಾಗಿತ್ತು. ಅವರು ತಲೆ ಅಲ್ಲಾಡಿಸಿದರು.

"ಈ ಸದ್ದಿಗೆ ಮಂದಿ ಮರುಳ ಆಗ್ತಾರ. ಹೊಗಿ ನೋಡು, ಎಲ್ಲೈತಿ?"

ಹೊಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಅಲ್ಲಿಂದ ಎಂಟನೇ ಒಂದು ಸುತ್ತು ವಾಪಸ್ ಬಿಚ್ಚಿ ಅಲ್ಲೇ ನಿಲ್ಲಿಸಿದರು. ಈಗ ಪೂರ್ತಿ ಥ್ರಾಟಲ್ಲಿನಲ್ಲಿ ಕಾರಿನ ಹಿಂದೆ ತೆಳುವಾದ ಬಿಳಿ ಹೊಗೆಯ ಗೆರೆ ಇರುತ್ತದೆ. ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರು. ಹನಿ ಬಿದ್ದ ಕೂಡಲೇ ಸಿಡಿದು ಹಾರಿದರೆ ಬಿಸಿ ಜಾಸ್ತಿ, ಚುಂಯ್ ಅಂತ ಮೂರು ನಾಲ್ಕು ಸೆಕೆಂಡಿನಲ್ಲಿ ಆವಿಯಾದರೆ ಸರಿ. ನಾನು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದೆ, ಗ್ಲೋ ಪ್ಲಗ್ಗಿನ ಹತ್ತಿರ ಹಿಡಿದಾಗ 106 ಡಿಗ್ರಿ ತೋರಿಸಿತು. ಹಳೆಯ ಸೆಟ್ಟಿಂಗಿನಲ್ಲಿ ಅದೇ ಜಾಗ 130 ದಾಟುತ್ತಿತ್ತು. ಹೆಚ್ಚಿನ ಎಂಜಿನ್ನುಗಳಿಗೆ 95ರಿಂದ 120 ಡಿಗ್ರಿ ಒಳ್ಳೆಯ ಜಾಗ. ಆದರೆ ಅಂಕಿ ನೋಡಿಕೊಂಡು ಸೂಜಿ ತಿರುಗಿಸುವುದು ಮಾಮಾಗೆ ಒಪ್ಪಿಗೆ ಇಲ್ಲ. ಸದ್ದು, ಹೊಗೆ, ಎಳೆತ ಮೂರೂ ಸರಿ ಇವೆಯಾ ಅಂತ ಮೊದಲು ನೋಡಬೇಕು, ಅಂಕಿ ಕೊನೆಗೆ ಒಂದು ಸಾಕ್ಷಿ ಅಷ್ಟೇ. ನನಗೂ ಈಗ ಅದೇ ಸರಿ ಅನ್ನಿಸುತ್ತದೆ.

ಲೋಸ್ಪೀಡ್ ಸೂಜಿಗೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ಎಂಜಿನ್ ಐಡಲ್ ಆಗುತ್ತಿರುವಾಗ ಮಾಮಾ ಇಂಧನದ ಟ್ಯೂಬನ್ನು ಕಾರ್ಬುರೇಟರಿನ ಹತ್ತಿರವೇ ಎರಡು ಬೆರಳಿನಲ್ಲಿ ಹಿಸುಕಿ ಹಿಡಿದರು. ಸರಿ ಇದ್ದರೆ ಎರಡು ಮೂರು ಸೆಕೆಂಡು ಓಡಿ, ಸದ್ದು ಸ್ವಲ್ಪ ಏರಿ, ಆಮೇಲೆ ಬಂದ್ ಆಗಬೇಕು. ಹಿಸುಕಿದ ತಕ್ಷಣ ಸತ್ತರೆ ಲೀನ್. ತುಂಬಾ ಹೊತ್ತು ಓಡುತ್ತಲೇ ಇದ್ದು, ಸದ್ದು ಜೋರಾಗಿ ಏರುತ್ತಾ ಹೋದರೆ ರಿಚ್. ನನ್ನದು ತಕ್ಷಣ ಸತ್ತಿತು. ಲೋಸ್ಪೀಡ್ ಸೂಜಿಯನ್ನು ಹದಿನಾರನೇ ಒಂದು ಸುತ್ತಿನ ಲೆಕ್ಕದಲ್ಲಿ ಬಿಚ್ಚುತ್ತಾ ಬಂದರು. ಆ ಸ್ಕ್ರೂಡ್ರೈವರ್ ತಿರುಗಿದ್ದು ಪಕ್ಕದಲ್ಲಿ ನಿಂತ ನನಗೆ ಕಾಣಲೇ ಇಲ್ಲ, ಆದರೆ ಎಂಜಿನ್ನಿಗೆ ಗೊತ್ತಾಗುತ್ತಿತ್ತು. ಕೊನೆಗೆ ಅರ್ಧ ನಿಮಿಷ ಐಡಲ್ ಬಿಟ್ಟು ಒಮ್ಮೆಲೇ ಟ್ರಿಗರ್ ಎಳೆಸಿದರು. ಒಂದು ಸಣ್ಣ ಹೊಗೆ ಉಗುಳಿ ಕಾರು ಚಿಮ್ಮಿತು. ಟ್ರಿಗರ್ ಬಿಟ್ಟ ಕೂಡಲೇ ಸದ್ದು ಇಳಿದು ಡುಬುಡುಬು ಅಂತ ಐಡಲ್ಲಿಗೆ ಬಂತು. ಆ ಕಿರುಚಾಟ ಪೂರ್ತಿ ಹೋಗಿತ್ತು. ಐಡಲ್ ಸ್ಕ್ರೂವನ್ನು ಒಂದು ಕೂದಲಿನಷ್ಟು ಇಳಿಸಿ, ಚಕ್ರ ನಿಂತೇ ಇರುವಂತೆ ಮಾಡಿದರು. ಐಡಲ್ ಜಾಸ್ತಿ ಇದ್ದರೆ ಕ್ಲಚ್ ಶೂ ಅರ್ಧ ಹಿಡಿದುಕೊಂಡು ಸುಟ್ಟುಹೋಗುತ್ತದೆ.

ಇಲ್ಲಿಗೆ ಬೇರೆ ಯಾರಾದರೂ ಮುಗಿಸುತ್ತಿದ್ದರು. ಮಾಮಾ ಟ್ಯಾಂಕ್ ತುಂಬಿಸಿ, ಖಾಲಿಯಾಗುವವರೆಗೂ ಓಡಿಸಿದರು. ಟ್ಯಾಂಕಿನಲ್ಲಿ ಇಂಧನ ಇಳಿಯುತ್ತಾ ಹೋದಂತೆ ಹದ ಲೀನ್ ಕಡೆಗೆ ಸರಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅಂಚಿಗೆ ಸೆಟ್ ಮಾಡಿದರೆ ಕೊನೆಯ ಕಾಲು ಟ್ಯಾಂಕಿನಲ್ಲಿ ಎಂಜಿನ್ ಸುಡುತ್ತದೆ. ಹಾಗಾಗಿ ಕೊನೆಯವರೆಗೂ ಹೊಗೆಯ ಗೆರೆ ಉಳಿಯಬೇಕು. ಉಳಿಯಿತು. ಪ್ಲಗ್ ಬಿಚ್ಚಿ ನೋಡಿದಾಗ ಸುರುಳಿ ಹೊಳೆಯುತ್ತಿತ್ತು, ಸ್ವಲ್ಪ ಒದ್ದೆ. ಹಳೆಯ ಪ್ಲಗ್ಗಿನ ಸುರುಳಿ ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿತ್ತು. ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿ ಸಮುದ್ರದಂಡೆಗಿಂತ ಸುಮಾರು ಶೇಕಡಾ 7ರಷ್ಟು ತೆಳು. ಪಣಜಿಯಲ್ಲಿ ಸೆಟ್ ಮಾಡಿದ ಕಾರು ಚೋರ್ಲಾ ಘಾಟ್ ಹತ್ತಿ ಬಂದರೆ ಇಲ್ಲಿ ರಿಚ್ ಆಗುತ್ತದೆ. ಇಲ್ಲಿ ಸೆಟ್ ಮಾಡಿದ್ದು ಅಲ್ಲಿಗೆ ಇಳಿದರೆ ಲೀನ್ ಆಗುತ್ತದೆ, ಅದು ಅಪಾಯ. ಡಿಸೆಂಬರ್ ಬೆಳಗಿನ ಒಣ ಚಳಿಯಲ್ಲಿ ಗಾಳಿ ದಟ್ಟವಾಗುತ್ತದೆ, ಸೂಜಿ ಸ್ವಲ್ಪ ಬಿಚ್ಚಬೇಕು. ಏಪ್ರಿಲ್ ಮಧ್ಯಾಹ್ನಕ್ಕೆ, ಮಳೆಗಾಲದ ತೇವಕ್ಕೆ ಒಂದಿಷ್ಟು ಬಿಗಿ. ಸುತ್ತಿನ ಲೆಕ್ಕ ಗೊತ್ತಿದ್ದರೆ ಇದೆಲ್ಲ ಸುಲಭ. ಮಾಮಾ ನನಗಾಗಿ ಕಾರಿನ ಚಾಸಿಯ ಅಡಿಯಲ್ಲಿ ಮಾರ್ಕರಿನಿಂದ ಬರೆದುಕೊಟ್ಟರು: ಪೂರ್ತಿ ಮುಚ್ಚಿದ ಜಾಗದಿಂದ ಹೈಸ್ಪೀಡ್ ಎಷ್ಟು ಸುತ್ತು, ಲೋಸ್ಪೀಡ್ ಎಷ್ಟು ಸುತ್ತು, ಯಾವ ತಿಂಗಳು. ಆ ಅಂಕಿ ನನ್ನ ಎಂಜಿನ್ನಿಗೆ ಮಾತ್ರ, ಅದಕ್ಕೇ ಇಲ್ಲಿ ಕೊಡುತ್ತಿಲ್ಲ. ನಿಮ್ಮ ಕಾರಿನ ಪುಸ್ತಕದಲ್ಲಿ ಫ್ಯಾಕ್ಟರಿ ಸೆಟ್ಟಿಂಗ್ ಇರುತ್ತದೆ, ಅಲ್ಲಿಂದ ಶುರು ಮಾಡಿ. ಮುಚ್ಚುವಾಗ ಸೂಜಿಯನ್ನು ಒತ್ತಿ ಬಿಗಿಯಬೇಡಿ, ತುದಿ ಕೆಟ್ಟರೆ ಕಾರ್ಬುರೇಟರೇ ಹೋಯಿತು.

ಇಂಧನದ ನೈಟ್ರೋ ಪ್ರಮಾಣ ಬದಲಿಸಿದರೂ ಮತ್ತೆ ಸೆಟ್ ಮಾಡಬೇಕು. ಮೆಥನಾಲ್ ಉರಿಯಲು ತನ್ನ ತೂಕದ ಸುಮಾರು 6.4 ಪಟ್ಟು ಗಾಳಿ ಬೇಕು. ನೈಟ್ರೋಮೀಥೇನಿಗೆ 1.7 ಪಟ್ಟು ಸಾಕು, ಯಾಕೆಂದರೆ ಅದರೊಳಗೇ ಆಕ್ಸಿಜನ್ ಇದೆ. ಹಾಗಾಗಿ 16 ಶೇಕಡಾದಿಂದ 25ಕ್ಕೆ ಹೋದರೆ ಸೂಜಿ ಬಿಚ್ಚಬೇಕು. ಬೇರೆ ಬೇರೆ ಡಬ್ಬಿ ಬೆರೆಸಿ ತಂದವರನ್ನು ಮಾಮಾ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಸರಿಯಿಲ್ಲದ್ದೂ ಇದೆ. ಹೊತ್ತಿನ ಖಾತ್ರಿ ಇಲ್ಲ. ಬೈಕಿನ ಕೆಲಸ ಜಾಸ್ತಿ ಇದ್ದರೆ ಆರ್‌ಸಿ ಕಾರು ಕಪಾಟಿನಲ್ಲೇ ವಾರಗಟ್ಟಲೆ ಕೂರುತ್ತದೆ, ಫೋನ್ ಮಾಡಿ ತಿಳಿಸುವುದಿಲ್ಲ. ಬಿಲ್ ಕೊಡುವುದಿಲ್ಲ. ಕೂರಲು ಜಾಗ ಇಲ್ಲ. ಬಿಡಿಭಾಗ ಇಡುವುದಿಲ್ಲ. ಓ ರಿಂಗ್, ಟ್ಯೂಬ್, ಸ್ಪ್ರಿಂಗಿನಂಥ ಚಿಲ್ಲರೆ ಸಾಮಾನು ಸಿಗುತ್ತದೆ. ಪಿಸ್ಟನ್ ಸ್ಲೀವ್, ಗ್ಲೋ ಪ್ಲಗ್, ಸೂಜಿ ಬೇಕಾದರೆ ನಾವೇ ಆನ್‌ಲೈನ್ ತರಿಸಬೇಕು. ನನ್ನ ಎಂಜಿನ್ನಿನ ಸ್ಲೀವ್ ಆ ಹಳೆಯ ಲೀನ್ ಓಟದಲ್ಲಿ ಸವೆದುಬಿಟ್ಟಿದೆ, ಮೇಲ್ಭಾಗದ ಬಿಗಿ ಅರ್ಧ ಹೋಗಿದೆ. ಮಾಮಾ ಅದನ್ನು ಮುಚ್ಚಿಡಲಿಲ್ಲ. ಬಿಸಿಯಾದಾಗ ಸ್ಟಾರ್ಟ್ ಆಗಲು ತೊಂದರೆ ಕೊಡುತ್ತದೆ, ಒಂದು ಸೀಸನ್ ಬಂದರೆ ದೊಡ್ಡದು ಅಂತ ನೇರವಾಗಿ ಹೇಳಿದರು. ಹಾಗೇ ಆಗುತ್ತಿದೆ. ಹೊಸ ಸ್ಲೀವಿಗೆ ದುಡ್ಡು ಕೂಡಿಡುತ್ತಿದ್ದೇನೆ.

ನನಗೆ ಲಿಂಕೇಜ್, ಲೀಕ್ ಚೆಕ್, ಓ ರಿಂಗ್, ಬಯಲಿನ ಟ್ಯೂನಿಂಗ್ ಎಲ್ಲ ಸೇರಿ 600 ರೂಪಾಯಿ ಆಯಿತು. ಮಾಡಿದ ಕೆಲಸ ನೋಡಿದರೆ ಇದು ಕಡಿಮೆಯೇ. ಬರೀ ಸೆಟ್ಟಿಂಗ್ ಆದರೆ ಇನ್ನೂ ಕಡಿಮೆ ತೆಗೆದುಕೊಳ್ಳುತ್ತಾರೆ. ಬ್ಯಾಟರಿ ಕಾರಿನವರು ಹೋಗಬೇಡಿ, ಅದನ್ನು ಅವರು ಮುಟ್ಟುವುದಿಲ್ಲ. ನಿಂತು ನೋಡಿ ಕಲಿಯುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ನನಗೆ ಗೊತ್ತಿಲ್ಲ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಾರೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದು ನಿಂತಿರುವುದನ್ನು ತುಂಬಾ ಸಲ ನೋಡಿದ್ದೇನೆ. ಹುಡುಗಿಯರೂ ಬನ್ನಿ, ಇಲ್ಲಿ ಯಾರೂ ಹೊಸಬರ ತರ ನೋಡುವುದಿಲ್ಲ.

ಹೋಗುವವರು ಸಂಜೆ ನಾಲ್ಕರ ನಂತರ ಹೋಗಿ, ಬೆಳಿಗ್ಗೆ ಬೈಕಿನವರ ಗದ್ದಲ. ಮೊದಲ ದಿನ ಕಾರನ್ನು ಟ್ಯಾಂಕ್ ಖಾಲಿ ಮಾಡಿ ಒಯ್ಯಿರಿ. ಏರ್ ಫಿಲ್ಟರ್ ತೊಳೆದು, ಫಿಲ್ಟರ್ ಆಯಿಲ್ ಹಾಕಿ ಒಯ್ಯಿರಿ, ನಮ್ಮ ಕೆಂಪು ಧೂಳು ಹಿಡಿದ ಫಿಲ್ಟರ್ ಇದ್ದರೆ ಅವರು ಕಾರನ್ನೇ ಕೈಗೆ ತೆಗೆದುಕೊಳ್ಳುವುದಿಲ್ಲ. ರಿಸೀವರಿನ ಸೆಲ್ ಪೂರ್ತಿ ಚಾರ್ಜ್ ಇರಲಿ. ಒಂದು ಹೊಸ ಗ್ಲೋ ಪ್ಲಗ್ ಜೇಬಿನಲ್ಲಿರಲಿ. ಇಂಧನ ಅದರದೇ ಡಬ್ಬಿಯಲ್ಲೇ ಇರಲಿ, ನೀರಿನ ಬಾಟಲಿಯಲ್ಲಿ ಮಾತ್ರ ಬೇಡ. ಮೆಥನಾಲ್ 10 ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೂ ಕಾಣುವುದಿಲ್ಲ. ಓಡಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಪೂರ್ತಿ ಒಣಗುವವರೆಗೆ ಓಡಿಸಿ, ಕಾರ್ಬುರೇಟರಿಗೂ ಪ್ಲಗ್ಗಿನ ತೂತಿಗೂ ತುಕ್ಕು ತಡೆಯುವ ಆಫ್ಟರ್ ರನ್ ಆಯಿಲ್ ಎರಡು ಹನಿ ಬಿಟ್ಟು ಹಗ್ಗ ಎಳೆದಿಡಿ. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜೂನ್ ಜುಲೈಯಲ್ಲಿ ನಮ್ಮ ಊರಿನ ತೇವಕ್ಕೆ ಬೇರಿಂಗ್ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಜೋರು ಮಳೆಗಾಲದಲ್ಲಿ ಬಯಲು ಕೆಸರಾಗಿರುತ್ತದೆ, ಆಗ ಮಾಮಾ ಟ್ಯೂನಿಂಗಿಗೆ ಬರುವುದಿಲ್ಲ. ಅಕ್ಟೋಬರ್ ಮೇಲೆ ಹೋಗಿ.